ನೇತ್ರಾಣಿಯಲ್ಲಿ ಮೊದಲ ಸ್ನಾರ್ಕೆಲಿಂಗ್: ಮುರುಡೇಶ್ವರದ ಒಂದು ಸೇವೆಯ ವಿಮರ್ಶೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕಿಳಿಯುವುದು) ಮತ್ತು ಸ್ನಾರ್ಕೆಲಿಂಗ್ (ಕೊಳವೆಯಿಂದ ಉಸಿರಾಡುತ್ತ ಮೇಲ್ಮೈಯಲ್ಲಿ ತೇಲಿ ಕೆಳಗೆ ನೋಡುವುದು) ಮಾಡಿಸುವ ಸಂಸ್ಥೆಗಳು ಹಲವಿವೆ. ಅವುಗಳಲ್ಲಿ ಒಂದರ ಸ್ನಾರ್ಕೆಲಿಂಗ್ ಸೇವೆಯನ್ನು ಈ ಚಳಿಗಾಲದಲ್ಲಿ ನಾವು ಮೂವರು, ಎಂದರೆ ನಾನು, ನಮ್ಮ ಮನೆಯವರು ಮತ್ತು ಕಾಲೇಜಿನಲ್ಲಿ ಓದುವ ನನ್ನ ಅಕ್ಕನ ಮಗಳು, ಶಿರಸಿಯಿಂದ ಘಟ್ಟ ಇಳಿದು ಹೋಗಿ ಪಡೆದುಕೊಂಡೆವು. ಸಂಸ್ಥೆಯ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬರೆಯುತ್ತಿಲ್ಲ. ಇಲ್ಲಿ ಹೇಳುವ ಒಳ್ಳೆಯದನ್ನೂ ಕೊರತೆಯನ್ನೂ ಮುಂಗಡ ಹಣ ಕಟ್ಟುವ ಮೊದಲು ಯಾವ ಸಂಸ್ಥೆಯಲ್ಲಾದರೂ ಕೇಳಿ ತಿಳಿದುಕೊಳ್ಳಬಹುದು, ಮತ್ತು ಮೊದಲ ಸಲ ಹೋಗುವವರಿಗೆ ಹೆಸರಿಗಿಂತ ಆ ಪ್ರಶ್ನೆಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೇವೆಯಲ್ಲಿ ಅತ್ಯುತ್ತಮವಾದದ್ದು ದ್ವೀಪದ ಬಳಿ ಕಳೆದ ಹೊತ್ತಲ್ಲ, ಅದರ ಹಿಂದಿನ ಸಂಜೆ ಈಜುಕೊಳದಲ್ಲಿ ಕೊಟ್ಟ ಅಭ್ಯಾಸ. ಅದಕ್ಕೆ ಬೇರೆ ಶುಲ್ಕವಿರಲಿಲ್ಲ, ಆದರೆ ಬರಲೇಬೇಕೆಂಬ ಕಡ್ಡಾಯವೂ ಇರಲಿಲ್ಲ. ಆದ್ದರಿಂದ ಮರುದಿನ ದೋಣಿ ಹತ್ತಿದವರಲ್ಲಿ ಹೆಚ್ಚಿನವರು ಅದನ್ನು ಬಿಟ್ಟು ದೇವರ ದರ್ಶನಕ್ಕೋ ರಾಜಗೋಪುರ ಹತ್ತುವುದಕ್ಕೋ ಹೋಗಿದ್ದರು. ಸಂಸ್ಥೆಯವರು ಆ ಅಭ್ಯಾಸವನ್ನು ಕಡ್ಡಾಯ ಮಾಡದಿರುವುದೇ ಅವರ ಸೇವೆಯ ದೊಡ್ಡ ದೋಷವೆಂದು ನನಗೆ ತೋರುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ನೇತ್ರಾಣಿಯ ಭೂಗುಣವೇ ಕಾರಣ. ಸ್ನಾರ್ಕೆಲಿಂಗ್ ಕಲಿಯುವುದಕ್ಕೆ ಜನರು ಹೆಸರಿಸುವ ಲಕ್ಷದ್ವೀಪದ ಅಗತ್ತಿ, ಕಡಮತ್, ಬಂಗಾರಂ ಮೊದಲಾದ ದ್ವೀಪಗಳಲ್ಲಿ ಹವಳದ ದಂಡೆಯೇ ಅಲೆಗಳನ್ನು ಹೊರಗೆ ತಡೆದು, ಒಳಗೆ ಎದೆಮಟ್ಟದ ತಿಳಿನೀರಿನ ಶಾಂತ ಹಿನ್ನೀರನ್ನು ನಿರ್ಮಿಸಿರುತ್ತದೆ. ಅಲ್ಲಿ ಹೊಸಬರು ಮರಳಿನ ಮೇಲೆ ನಿಂತುಕೊಂಡೇ ಮುಖವನ್ನು ನೀರಿಗೆ ಅದ್ದಿ ನೋಡಬಹುದು. ಗಾಬರಿಯಾದರೆ ಕಾಲೂರಿ ನಿಂತುಬಿಡಬಹುದು. ಅಂಡಮಾನಿನ ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚಿನಲ್ಲಿಯೂ ದಡದಿಂದ ನಡೆದೇ ನೀರಿಗಿಳಿಯಬಹುದು. ನೇತ್ರಾಣಿಯಲ್ಲಿ ಅಂಥ ದಡವೇ ಇಲ್ಲ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬಿ ಸಮುದ್ರದ ನಡುವೆ ಎದ್ದು ನಿಂತಿರುವ ಕಡಿದಾದ ಬಂಡೆಯ ದ್ವೀಪವದು. ಬಂಡೆಯ ಗೋಡೆ ನೇರವಾಗಿ ನೀರಿಗಿಳಿಯುತ್ತದೆ ಮತ್ತು ದೋಣಿ ನಿಲ್ಲುವಲ್ಲಿ ಯಾರಿಗೂ ಕಾಲು ನೆಲಕ್ಕೆ ತಾಗುವುದಿಲ್ಲ. ನೌಕಾಪಡೆಯು ಗುರಿ ಅಭ್ಯಾಸಕ್ಕೆ ಬಳಸಿದ್ದ ದ್ವೀಪವಾದ್ದರಿಂದ ಪ್ರವಾಸಿಗರನ್ನು ಅದರ ಮೇಲೆ ಹತ್ತಲು ಬಿಡುವುದೂ ಇಲ್ಲ. ಹೀಗಾಗಿ ಹೊಸಬರ ಮೊದಲ ಪಾಠವೇ ಆಳದ ನೀರಿನಲ್ಲಿ ನಡೆಯಬೇಕಾಗುತ್ತದೆ. ಆ ಕೊರತೆಯನ್ನು ಸಂಸ್ಥೆಯು ಬೇರೆಲ್ಲಿಯಾದರೂ ತುಂಬಿಕೊಡಲೇಬೇಕು, ಮತ್ತು ಅದಕ್ಕೆ ಸರಿಯಾದ ಸ್ಥಳ ಈಜುಕೊಳವೇ.

ಹಾಗಾದರೆ ನೇತ್ರಾಣಿಗೇ ಏಕೆ ಹೋಗಬೇಕೆಂದು ಕೇಳಿದರೆ, ನಮ್ಮ ಕರಾವಳಿಯಲ್ಲಿ ತಿಳಿನೀರು ಇರುವುದು ಅಲ್ಲಿಯೇ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟದ ಮಣ್ಣನ್ನು ತಂದು ಸುರಿಯುವ ಈ ಜಿಲ್ಲೆಯ ದಂಡೆಯಲ್ಲಿ, ಅಲೆಗಳು ತಳದ ಮರಳನ್ನೂ ಕೆಸರನ್ನೂ ಸದಾ ಎಬ್ಬಿಸುತ್ತಿರುವುದರಿಂದ, ಕಣ್ಣು-ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿಕೊಂಡು ನೋಡಿದರೂ ಚಾಚಿದ ಕೈ ಮಸುಕಾಗಿ ಕಾಣುವಂಥ ದಿನಗಳೇ ಹೆಚ್ಚು. ದಡದಿಂದ ಅಷ್ಟು ದೂರಕ್ಕೆ ಆ ಕೆಸರು ಅಷ್ಟಾಗಿ ತಲುಪುವುದಿಲ್ಲ. ಆದರೂ ಋತುವನ್ನು ನೋಡಿಕೊಂಡೇ ಹೋಗಬೇಕು. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಈ ದೋಣಿಗಳು ಹೊರಡುವುದೇ ಇಲ್ಲ. ಮಳೆ ನಿಂತ ಕೂಡಲೇ ಹೋಗುವವರಿಗೂ ನಿರಾಶೆಯಾಗಬಹುದು. ಏಕೆಂದರೆ ಮುಂಗಾರಿನ ಹೊತ್ತಿಗೆ ಪಶ್ಚಿಮ ಕರಾವಳಿಯ ಉದ್ದಕ್ಕೂ ಆಳದ ತಣ್ಣೀರು ಮೇಲೆದ್ದು ಬರುತ್ತದೆ, ಅದು ತರುವ ಪೋಷಕಾಂಶಗಳಿಂದ ಸೂಕ್ಷ್ಮ ಸಸ್ಯಜೀವಿಗಳು ಬೆಳೆದು ನೀರು ಹಸಿರಾಗುತ್ತದೆ. ಅದು ಮೀನಿಗೆ ಸುಗ್ಗಿ, ನೋಡುವವರಿಗೆ ಮಂಜು. ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾಲವೇ ಮೊದಲ ಸಲದವರಿಗೆ ತಕ್ಕದ್ದು. ಈ ಸಂಸ್ಥೆಯ ಕಚೇರಿಗೆ ಅಕ್ಟೋಬರ್‌ನಲ್ಲಿ ಫೋನ್ ಮಾಡಿದಾಗ, ಅವಸರವಿಲ್ಲದಿದ್ದರೆ ಇನ್ನಷ್ಟು ದಿನ ಕಾಯಿರಿ, ನೀರು ತಿಳಿಯಾಗಲಿ ಎಂದು ಅವರೇ ಹೇಳಿದ್ದರು. ಬಂದ ಗಿರಾಕಿಯನ್ನು ಮುಂದಕ್ಕೆ ಕಳಿಸುವ ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಈಜುಕೊಳದ ಅಭ್ಯಾಸ ಆರಂಭವಾಗುವ ಮೊದಲು ಒಂದು ಅರ್ಜಿಯನ್ನು ತುಂಬಿಸಿಕೊಳ್ಳುತ್ತಾರೆ. ಉಬ್ಬಸ, ಹೃದಯದ ತೊಂದರೆ, ರಕ್ತದೊತ್ತಡ, ಗರ್ಭಿಣಿಯರ ವಿಷಯ ಎಲ್ಲವೂ ಅದರಲ್ಲಿವೆ. ತುಂಬಿದ ಅರ್ಜಿಯನ್ನು ಒಬ್ಬರು ನಿಜವಾಗಿಯೂ ಓದಿ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ನಮ್ಮ ಮನೆಯವರನ್ನು ಪಕ್ಕಕ್ಕೆ ಕರೆದು, ವೈದ್ಯರನ್ನು ಕೇಳಿಕೊಂಡೇ ಬಂದಿದ್ದೀರಾ ಎಂದು ವಿಚಾರಿಸಿದರು. ಬಹಳ ಕಡೆ ಇಂಥ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಸಂಸ್ಥೆಯ ರಕ್ಷಣೆಗಾಗಿ ಮಾತ್ರ. ಇಲ್ಲಿ ಅದನ್ನು ನಮ್ಮ ರಕ್ಷಣೆಗೂ ಬಳಸಿದರು.

ಅನಂತರದ ಪಾಠದಲ್ಲಿ ಅರ್ಧ ಸಮಯ ಹೋದದ್ದು ಮಾಸ್ಕಿಗೆ, ಮತ್ತು ಹಾಗೆ ಹೋದದ್ದು ಸರಿಯೇ. ನೀರು ಒಳಗೆ ನುಗ್ಗುವ ಮಾಸ್ಕ್ ಇದ್ದರೆ ಉಳಿದ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ. ಮಾರ್ಗದರ್ಶಕರಾಗಿದ್ದ ಯುವಕ ಮುರುಡೇಶ್ವರದ ಮೀನುಗಾರ ಕುಟುಂಬದವನು. ಅವನು ಬೇರೆಬೇರೆ ಅಳತೆಯ ಮಾಸ್ಕುಗಳನ್ನು ಮುಂದಿಟ್ಟು, ಪಟ್ಟಿಯನ್ನು ತಲೆಗೆ ಹಾಕಿಕೊಳ್ಳದೆ ಮಾಸ್ಕನ್ನು ಮುಖಕ್ಕೆ ಮೃದುವಾಗಿ ಒತ್ತಿ, ಮೂಗಿನಿಂದ ಉಸಿರೆಳೆದು ಕೈಬಿಡಲು ಹೇಳಿದ. ಅಳತೆ ಸರಿಯಿದ್ದರೆ ಮಾಸ್ಕ್ ಬೀಳದೆ ಮುಖಕ್ಕೆ ಅಂಟಿಕೊಂಡೇ ಇರುತ್ತದೆ. ಹೆಚ್ಚಿನವರು ನೀರು ಸೋರಿದೊಡನೆ ಪಟ್ಟಿಯನ್ನು ಬಿಗಿ ಮಾಡುತ್ತಾರೆ. ಬಿಗಿ ಮಾಡಿದಷ್ಟೂ ಸಿಲಿಕೋನ್ ಅಂಚು ಸುಕ್ಕಾಗಿ ಸೋರಿಕೆ ಹೆಚ್ಚುತ್ತದೆ. ಕೂದಲಿನ ಎಳೆ, ತಲೆಗೆ ಹಾಕಿಕೊಂಡ ಟೋಪಿಯ ಅಂಚು, ನಕ್ಕಾಗ ಕೆನ್ನೆಯಲ್ಲಿ ಏಳುವ ಗೆರೆ ಇವೆಲ್ಲವೂ ನೀರಿಗೆ ದಾರಿ ಮಾಡಿಕೊಡುತ್ತವೆ. ನಮ್ಮ ಮನೆಯವರ ಮೀಸೆಯಂತೂ ಸಂಜೆಯ ಮುಖ್ಯ ಚರ್ಚೆಯೇ ಆಯಿತು. ಮೂಗಿನ ಕೆಳಗಿನ ಅಂಚಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಿದರೆ ಸಾಕಾಗಬಹುದೆಂದು ಮಾರ್ಗದರ್ಶಕ ಹೇಳಿದ; ಮೀಸೆಯ ಮೇಲಂಚನ್ನು ಸ್ವಲ್ಪ ಕತ್ತರಿಸಿದರೆ ಇನ್ನೂ ಒಳ್ಳೆಯದೆಂದೂ ಸೇರಿಸಿದ. ವ್ಯಾಸಲೀನೇ ಗೆದ್ದಿತು.

ಕನ್ನಡಕದವರಿಗೆ ಒಂದು ಮಾತು ಹೇಳಬೇಕು. ಮಾಸ್ಕಿನ ಒಳಗೆ ಕನ್ನಡಕ ಹಾಕಿಕೊಳ್ಳಲು ಆಗುವುದಿಲ್ಲ, ಏಕೆಂದರೆ ಅದರ ಕಡ್ಡಿಗಳು ಅಂಚನ್ನು ಎತ್ತಿಬಿಡುತ್ತವೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಮಾಸ್ಕಿನಲ್ಲಿ ಎಲ್ಲವೂ ಇರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿಯೂ ನಾಲ್ಕನೇ ಒಂದು ಪಾಲು ಹತ್ತಿರದಲ್ಲಿಯೂ ಕಾಣುತ್ತದೆ. ಹೀಗಾಗಿ ದೂರದೃಷ್ಟಿ ಅಲ್ಪ ಪ್ರಮಾಣದಲ್ಲಿ ಮಂದವಾಗಿರುವವರು ಹಾಗೆಯೇ ಸುಧಾರಿಸಿಕೊಳ್ಳಬಹುದು. ಹೆಚ್ಚಿನ ನಂಬರಿನವರಿಗೆ ನಂಬರ್ ಗಾಜಿನ ಮಾಸ್ಕುಗಳು ಬೇಕು. ಈ ಸಂಸ್ಥೆಯಲ್ಲಿ ಅಂಥವು ಕೆಲವೇ ಇದ್ದವು, ಮೊದಲೇ ತಿಳಿಸಿದವರಿಗೆ ತೆಗೆದಿಡುತ್ತಾರೆ. ಹಣ ಕಟ್ಟುವಾಗಲೇ ಅವರಾಗಿ ಕೇಳಿದ್ದರೆ ಚೆನ್ನಾಗಿತ್ತು. ನಾವು ಕೇಳಿದ ಮೇಲೆಯೇ ಹೇಳಿದರು.

ಉಸಿರಾಟದ ಪಾಠವನ್ನು ನಾನು ವಿಶೇಷವಾಗಿ ಮೆಚ್ಚಿಕೊಂಡೆ. 'ಬಾಯಲ್ಲೇ ಉಸಿರಾಡಿ ಅಕ್ಕಾ, ಮೂಗು ಇದೆ ಅನ್ನೋದನ್ನೇ ಮರೆತುಬಿಡಿ' ಎಂದು ಹೇಳಿ ಬಿಡದೆ, ಏಕೆ ನಿಧಾನವಾಗಿ ಆಳವಾಗಿ ಉಸಿರಾಡಬೇಕೆಂಬುದನ್ನೂ ಆ ಯುವಕ ವಿವರಿಸಿದ. ಸ್ನಾರ್ಕೆಲ್ ಕೊಳವೆ ಸುಮಾರು 40 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲವಿರುತ್ತದೆ. ಲೆಕ್ಕ ಹಾಕಿದರೆ ಅದರೊಳಗೆ ಸುಮಾರು 125 ಮಿ.ಲೀ. ಗಾಳಿ ಹಿಡಿಯುತ್ತದೆ. ನಾವು ಹೊರಬಿಟ್ಟ ಉಸಿರಿನ ಕೊನೆಯ ಭಾಗ ಈ ಕೊಳವೆಯಲ್ಲಿಯೇ ಉಳಿದು, ಮುಂದಿನ ಉಸಿರಿನೊಂದಿಗೆ ಮತ್ತೆ ಒಳಗೆ ಬರುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಒಂದು ಉಸಿರು ಸುಮಾರು ಅರ್ಧ ಲೀಟರ್. ಹೆದರಿದವರು ಮೇಲುಮೇಲೆ ಚಿಕ್ಕಚಿಕ್ಕ ಉಸಿರು ತೆಗೆದರೆ ಅದರ ದೊಡ್ಡ ಪಾಲು ಈ ಹಳೆಯ ಗಾಳಿಯೇ ಆಗಿ, ಏದುಸಿರು ಬಂದು, ಹೆದರಿಕೆ ಇನ್ನೂ ಹೆಚ್ಚುತ್ತದೆ. ಈ ಕಾರಣ ಗೊತ್ತಾದ ಮೇಲೆ ನಿಧಾನವಾಗಿ ಉಸಿರಾಡಿ ಎಂಬ ಸಲಹೆಯನ್ನು ಪಾಲಿಸುವುದು ಸುಲಭವಾಗುತ್ತದೆ. ಕೊಳವೆಯನ್ನು ಇನ್ನಷ್ಟು ಉದ್ದ ಮಾಡಿದರೆ ಆಳಕ್ಕೆ ಹೋಗಬಹುದಲ್ಲವೇ ಎಂದು ಅಕ್ಕನ ಮಗಳು ಕೇಳಿದಳು. ಒಂದು ಮೀಟರ್ ಆಳದಲ್ಲಿಯೇ ಎದೆಯ ಮೇಲೆ ನೀರಿನ ಒತ್ತಡ ವಾಯುಭಾರದ ಹತ್ತನೇ ಒಂದರಷ್ಟು ಹೆಚ್ಚಾಗುವುದರಿಂದ, ಮೇಲಿನ ಗಾಳಿಯನ್ನು ಕೊಳವೆಯಿಂದ ಎಳೆದುಕೊಳ್ಳುವಷ್ಟು ಶಕ್ತಿ ನಮ್ಮ ಉಸಿರಾಟದ ಸ್ನಾಯುಗಳಿಗಿಲ್ಲ. ಅದಕ್ಕೇ ಸ್ನಾರ್ಕೆಲಿಂಗ್ ಎಂಬುದು ನೀರಿನ ಮೇಲ್ಮೈಯಲ್ಲಿ ತೇಲಿಕೊಂಡು ಕೆಳಗೆ ನೋಡುವ ಆಟವಾಗಿ ಉಳಿದಿದೆ.

ಕೊಳವೆಗೆ ನೀರು ನುಗ್ಗಿದಾಗ 'ಟೂ' ಎಂದು ಜೋರಾಗಿ ಊದಿ ಹೊರಹಾಕುವುದನ್ನು, ಮತ್ತು ಅದಾದ ಮೇಲಿನ ಮೊದಲ ಉಸಿರನ್ನು ಅನುಮಾನದಿಂದಲೇ ಮೆಲ್ಲಗೆ ಎಳೆದುಕೊಳ್ಳುವುದನ್ನು, ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಮಾಡಿಸಿದರು. ಊದುವಷ್ಟು ಉಸಿರು ಎದೆಯಲ್ಲಿ ಉಳಿದಿರದಿದ್ದರೆ ತಲೆಯೆತ್ತಿ ಕೊಳವೆಯನ್ನು ಬಾಯಿಂದ ತೆಗೆದುಬಿಡಿ, ನಾಚಿಕೆಯ ವಿಷಯವೇನಲ್ಲ ಎಂಬ ಸಲಹೆಯೂ ಸಿಕ್ಕಿತು. ಮಾಸ್ಕಿನ ಗಾಜು ಮಂಜಾಗದಿರಲು ಒಳಗಡೆ ಉಗುಳು ಸವರಿ ತೊಳೆಯುವ ಹಳೆಯ ಉಪಾಯವನ್ನೇ ಅಲ್ಲಿಯೂ ಹೇಳಿಕೊಡುತ್ತಾರೆ. ಮುಜುಗರಪಡುವವರಿಗೆ ಮಕ್ಕಳ ಶಾಂಪೂವಿನ ಬಾಟಲಿಯೂ ಇಟ್ಟಿದ್ದರು. ಬಾಯಿಗೆ ಕಚ್ಚಿಕೊಳ್ಳುವ ರಬ್ಬರ್ ತುಂಡುಗಳನ್ನು ಔಷಧದ ನೀರಿನಲ್ಲಿ ಅದ್ದಿಟ್ಟದ್ದನ್ನು ಈಜುಕೊಳದಲ್ಲಿ ಕಣ್ಣಾರೆ ಕಂಡೆ. ದೋಣಿಯಲ್ಲಿ ಮಾತ್ರ ಒಬ್ಬರು ಬಳಸಿದ್ದನ್ನು ಸಮುದ್ರದ ನೀರಿನಲ್ಲಿ ಜಾಲಿಸಿ ಇನ್ನೊಬ್ಬರಿಗೆ ಕೊಡುತ್ತಿದ್ದರು, ಅದು ಸರಿಯಲ್ಲ. ಈ ಹವ್ಯಾಸವನ್ನು ಮುಂದುವರಿಸುವ ಆಸೆಯಿದ್ದರೆ ಸ್ವಂತ ಮಾಸ್ಕ್ ಮತ್ತು ಸ್ನಾರ್ಕೆಲ್ ಕೊಳ್ಳುವುದು ಒಳ್ಳೆಯದು. ಕಾಲಿಗೆ ತೊಡುವ ಈಜುರೆಕ್ಕೆಗಳು, ಎಂದರೆ ಫಿನ್ಸ್, ಬಾಡಿಗೆಯವೇ ಸಾಕು.

ಮುಖವನ್ನೆಲ್ಲ ಮುಚ್ಚುವ, ಮೂಗಿನಿಂದಲೂ ಉಸಿರಾಡಬಹುದಾದ ಹೊಸ ಬಗೆಯ ಮಾಸ್ಕುಗಳನ್ನು ಒಂದೆರಡು ಕುಟುಂಬಗಳು ತಾವೇ ತಂದಿದ್ದವು. ಕ್ರೀಡಾ ಸಾಮಗ್ರಿಗಳ ಕಂಪನಿ ಡೆಕಥ್ಲಾನ್ 2014ರಲ್ಲಿ ಇಂಥದ್ದೊಂದನ್ನು ಮಾರುಕಟ್ಟೆಗೆ ತಂದ ಮೇಲೆ ಅದರ ಅನುಕರಣೆಗಳು ಹೇರಳವಾಗಿ ಬಂದಿವೆ. ಅವು ಹಿತವಾಗಿ ತೋರುವುದು ನಿಜ. ಆದರೆ ಒಳಗಿನ ಗಾಳಿಯ ದಾರಿಗಳು ಸರಿಯಾಗಿ ಬೇರ್ಪಟ್ಟಿರದ ಅಗ್ಗದ ಅನುಕರಣೆಗಳಲ್ಲಿ ಬಿಟ್ಟ ಉಸಿರೇ ಮುಖದ ಮುಂದೆ ಸುತ್ತುತ್ತದೆ. ಒಳಗೆ ನೀರು ನುಗ್ಗಿದರೆ ಕೊಳವೆಯನ್ನು ಬಾಯಿಂದ ಉಗುಳಿದಷ್ಟು ಸುಲಭವಾಗಿ ಇಡೀ ಮಾಸ್ಕನ್ನು ಕಿತ್ತುಹಾಕಲು ಆಗುವುದಿಲ್ಲ. ಸಂಸ್ಥೆಯವರು ಅವನ್ನು ದೋಣಿಗೆ ತರಬೇಡಿ ಎಂದು ಸೌಜನ್ಯದಿಂದಲೇ ಹೇಳಿದರು. ನಾನು ಅವರ ಪಕ್ಷ.

ಮರುದಿನ ಬೆಳಿಗ್ಗೆ ದೋಣಿ ಬೇಗನೆ ಹೊರಟಿತು. ಬೇಗ ಹೊರಡುವುದಕ್ಕೆ ಕಾರಣವಿದೆ: ನೆಲ ಕಾದಂತೆ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ, ನೀರಿನ ಮೇಲೆ ಚಿಕ್ಕ ಚಿಕ್ಕ ಅಲೆಗಳ ಕುಣಿತ ಆರಂಭವಾಗುತ್ತದೆ, ಅದು ಕೊಳವೆಯಲ್ಲಿ ಉಸಿರಾಡುವವರಿಗೆ ಬಹಳ ಕಷ್ಟ. ತಡವಾಗಿ ಹೊರಡುವ ದೋಣಿಯನ್ನು ಅಗ್ಗವೆಂದು ಆರಿಸಿಕೊಳ್ಳಬೇಡಿ. ಪ್ರಯಾಣವೇ ಒಂದು ಗಂಟೆಗೂ ಮೀರಿದ್ದು, ಅರ್ಧ ದಾರಿಗೆ ಹಲವರು ವಾಂತಿ ಮಾಡಿಕೊಂಡರು. ಹೊರಡುವ ಮೊದಲು ಹೊಟ್ಟೆ ಖಾಲಿ ಇರಬಾರದು, ಆದರೆ ಎಣ್ಣೆಯಲ್ಲಿ ಕರಿದ ಬನ್ಸ್ ತಿಂದು ಮೇಲೆ ಚಹಾ ಕುಡಿದು ಹತ್ತುವುದೂ ಬೇಡ. ಇಡ್ಲಿಯಂಥದ್ದನ್ನು ಸ್ವಲ್ಪ ತಿಂದು, ವೈದ್ಯರು ಸೂಚಿಸಿದ ವಾಂತಿಯ ಮಾತ್ರೆಯನ್ನು ದೋಣಿ ಹತ್ತುವ ಸಾಕಷ್ಟು ಮೊದಲೇ ನುಂಗಬೇಕು, ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿದ ಮಾತ್ರೆ ಒಳಗೆ ಉಳಿಯುವುದಿಲ್ಲ. ದೋಣಿ ನಡೆಸುವ ತಾಂಡೇಲರು ಅನುಭವಿಗಳು. ಸುಸ್ತಾದವರನ್ನು ಇಂಜಿನ್ನಿನ ಹೊಗೆ ಬಾರದ ಕಡೆ ಕೂರಿಸಿ, ಮೊಬೈಲ್ ನೋಡದೆ ದೂರದ ಬಾನಂಚನ್ನೇ ನೋಡುತ್ತಿರಿ ಎಂದು ಹೇಳುತ್ತಿದ್ದರು. ದೋಣಿಯಲ್ಲಿ ಶೌಚಾಲಯವಿಲ್ಲ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ಹಿರಿಯರನ್ನು ಕರೆದೊಯ್ಯುವವರು ಗಮನಿಸಬೇಕು.

ದ್ವೀಪದ ಬಳಿ ತಲುಪಿದಾಗ, ಹಿಂದಿನ ಸಂಜೆ ಅಭ್ಯಾಸಕ್ಕೆ ಬಂದವರು ಯಾರು, ಬಾರದವರು ಯಾರು ಎಂಬುದು ಕೂಡಲೇ ಗೊತ್ತಾಯಿತು. ಬಾರದವರಿಗೆ ಹೊರಳಾಡುವ ದೋಣಿಯ ಮೇಲೆಯೇ ಸಂಕ್ಷಿಪ್ತವಾದ ಪಾಠವಾಯಿತು. ಆ ಗದ್ದಲದಲ್ಲಿ ಅರ್ಧ ಜನರಿಗೆ ಅದು ಕೇಳಿಸಲಿಲ್ಲ, ವಾಂತಿಯಿಂದ ಬಳಲಿದವರಿಗೆ ಕೇಳುವ ಮನಸ್ಸೂ ಇರಲಿಲ್ಲ. ಏಣಿ ಇಳಿದೊಡನೆ ಅವರಲ್ಲಿ ಹಲವರು ಕೊಳವೆಯನ್ನು ಉಗುಳಿ, ಮೂಗಿನಲ್ಲಿ ಉಸಿರೆಳೆಯಲು ಹೋಗಿ, ಮಾಸ್ಕನ್ನು ಹಣೆಗೆ ಏರಿಸಿ, ಮತ್ತೆ ಏಣಿಯನ್ನೇ ಹಿಡಿದುಕೊಂಡರು. ಅವರ ಪಾಲಿನ ಸಮಯದ ಬಹುಭಾಗ ಹೀಗೇ ಕಳೆದುಹೋಯಿತು. ನಮಗಿಂತ ಒಂದು ರೂಪಾಯಿಯನ್ನೂ ಅವರು ಕಡಿಮೆ ಕೊಟ್ಟಿರಲಿಲ್ಲ.

ನೀರಿಗಿಳಿಸಿದ ಬಗೆಯಲ್ಲಿ ಹೇಳಿಕೊಳ್ಳುವಂಥ ದೋಷವಿರಲಿಲ್ಲ. ಈಜು ಬಾರದವರು ಹಿಡಿದುಕೊಳ್ಳಲು ಟ್ಯೂಬಿತ್ತು. ಅದರ ಹಗ್ಗವನ್ನು ಹಿಡಿದು ಮಾರ್ಗದರ್ಶಕರು ಬಂಡೆಯ ಪಕ್ಕದಲ್ಲಿ ನಿಧಾನವಾಗಿ ಎಳೆದೊಯ್ಯುತ್ತಿದ್ದರು. ಒಬ್ಬ ಮಾರ್ಗದರ್ಶಕನ ಬಳಿ ಮೂರು ಜನರಿಗಿಂತ ಹೆಚ್ಚು ಇರಲಿಲ್ಲ. ಲೈಫ್ ಜಾಕೆಟ್ಟಿನ ವಿಷಯದಲ್ಲಿ ನನ್ನದೊಂದು ಆಕ್ಷೇಪವಿದೆ. ಕೊಟ್ಟದ್ದು ದೋಣಿಗಳಲ್ಲಿ ಬಳಸುವ ದಪ್ಪನೆಯ ಕಿತ್ತಳೆ ಬಣ್ಣದ ಜಾಕೆಟ್ಟು. ಪ್ರಜ್ಞೆ ತಪ್ಪಿದವರ ಮುಖವೂ ನೀರಿನಿಂದ ಮೇಲಿರಲಿ ಎಂಬ ಉದ್ದೇಶದಿಂದ ಮಾಡಿದ ಅಂಥ ಜಾಕೆಟ್ಟು ಮನುಷ್ಯನನ್ನು ಹಿಂದಕ್ಕೆ ವಾಲಿಸುತ್ತದೆ. ಸ್ನಾರ್ಕೆಲಿಂಗಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧವಾದ ಭಂಗಿ, ಎಂದರೆ ಬೋರಲಾಗಿ ಮಲಗಿ ಮುಖ ಕೆಳಗೆ ಹಾಕುವುದು. ಜಾಕೆಟ್ಟಿನೊಂದಿಗೆ ಜಗ್ಗಾಡಿಯೇ ಕುತ್ತಿಗೆ ನೋಯುತ್ತದೆ. ಬೇಕಾದಷ್ಟೇ ಗಾಳಿ ತುಂಬಿಸಿಕೊಳ್ಳಬಹುದಾದ ತೆಳುವಾದ ಸ್ನಾರ್ಕೆಲಿಂಗ್ ವೆಸ್ಟುಗಳು ದೊರೆಯುತ್ತವೆ. ಸ್ಕೂಬಾ ಸಲಕರಣೆಗೆ ಇಷ್ಟು ಖರ್ಚು ಮಾಡುವವರು ಅವನ್ನು ಕೊಳ್ಳಲಾರರೆಂದು ನಾನು ನಂಬುವುದಿಲ್ಲ. ಹಾಗೆಂದು ಸಿಟ್ಟಿನಲ್ಲಿ ಜಾಕೆಟ್ಟನ್ನು ತೆಗೆಯಬಾರದು, ನಮ್ಮಲ್ಲಿ ಕೆರೆ-ಹೊಳೆಗಳಲ್ಲಿ ಈಜು ಕಲಿತವರು ಕೂಡ. ಸಮುದ್ರದ ಉಪ್ಪುನೀರು ಹೆಚ್ಚು ತೇಲಿಸುತ್ತದೆಯಾದರೂ ಅದರ ಸೆಳೆತ ಕೆರೆಯಲ್ಲಿ ಇರುವುದಿಲ್ಲ. ಹಾಗೆಯೇ, ಉಸಿರನ್ನು ಬಿರುಸಾಗಿ ಎಳೆದುಬಿಟ್ಟು ಮುಳುಗುವ ಸಾಹಸವನ್ನು ಯಾರೂ ಮಾಡಬಾರದು. ಹಾಗೆ ಮಾಡಿದಾಗ ಉಸಿರು ಕಟ್ಟಿದ ಸೂಚನೆಯೇ ಸಿಗದೆ ನೀರಿನೊಳಗೆ ಪ್ರಜ್ಞೆ ತಪ್ಪುವ ಅಪಾಯವಿದೆ.

ಕಂಡದ್ದೇನು ಎಂಬುದು ಅದೃಷ್ಟಕ್ಕೆ ಬಿಟ್ಟ ವಿಷಯ, ಸೇವೆಯ ಗುಣವಲ್ಲ. ಆದರೂ ನೇತ್ರಾಣಿ ನಿರಾಶೆಗೊಳಿಸುವ ಸ್ಥಳವಲ್ಲ. ಬಂಡೆಯ ಗೋಡೆಯುದ್ದಕ್ಕೂ ಹಳದಿ ಮೈಯ ಮೇಲೆ ಕಪ್ಪು ಪಟ್ಟೆಗಳಿರುವ ಸಾರ್ಜೆಂಟ್ ಮೇಜರ್ ಮೀನುಗಳ ಗುಂಪು, ಜೋಡಿಯಾಗಿ ಸುಳಿಯುವ ಚಿಟ್ಟೆಮೀನುಗಳು, ಗಟ್ಟಿ ಹಲ್ಲುಗಳಿಂದ ಬಂಡೆಯನ್ನು ಕೆರೆಯುವ ಗಿಳಿಮೀನುಗಳು ನಮಗೆ ಕಂಡವು. ಗಿಳಿಮೀನು ಕೆರೆಯುವ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಆಮೆಗಳೂ ಬರುತ್ತವೆಂದು ಮಾರ್ಗದರ್ಶಕ ಹೇಳಿದ, ನಮಗೆ ಕಾಣಲಿಲ್ಲ. ಜಾಹೀರಾತಿನ ಚಿತ್ರಗಳಲ್ಲಿರುವ ಕೆಂಪು, ಕಿತ್ತಳೆಗಳನ್ನು ನಿರೀಕ್ಷಿಸಿ ಹೋದವರು ಹವಳವೆಲ್ಲ ನೀಲಿ-ಬೂದು ಏಕೆಂದು ಕೇಳುತ್ತಿದ್ದರು. ನೀರು ಕೆಂಪು ಬೆಳಕನ್ನು ಮೊದಲ ಐದಾರು ಮೀಟರಿನಲ್ಲಿಯೇ ಬಹುಪಾಲು ಹೀರಿಕೊಳ್ಳುತ್ತದೆ. ಮೇಲಿನಿಂದ ನೋಡುವವರಿಗೆ ಬೆಳಕು ಇಳಿದು ಮತ್ತೆ ಏರಿ ಬರಬೇಕಾದ್ದರಿಂದ ನಷ್ಟ ಇಮ್ಮಡಿ. ಆ ಚಿತ್ರಗಳು ಆಳಕ್ಕಿಳಿದವರು ದೀಪ ಹಿಡಿದು ತೆಗೆದವು. ತಲೆಯೆತ್ತಿದಾಗ ಬಂಡೆಯ ಮೇಲೆ ಸುತ್ತುತ್ತಿದ್ದ ಬಿಳಿಹೊಟ್ಟೆಯ ಕಡಲ ಹದ್ದುಗಳನ್ನು ನೋಡಲು ಮಾತ್ರ ಯಾವ ಸಲಕರಣೆಯೂ ಬೇಡ.

ಹವಳವನ್ನು ಮುಟ್ಟಬೇಡಿ, ಫಿನ್ಸಿನಿಂದ ಒದೆಯಬೇಡಿ ಎಂದು ಈಜುಕೊಳದಲ್ಲಿಯೇ ಎಚ್ಚರಿಸಿದ್ದರು. ಕಲ್ಲಿನಂತೆ ತೋರುವ ಅದು ಜೀವಿಗಳ ವಸಾಹತು. ಗುಂಡುಗುಂಡಾಗಿ ಬೆಳೆಯುವ ಪೊರೈಟಿಸ್ ಜಾತಿಯ ಹವಳ ವರ್ಷಕ್ಕೆ ಸುಮಾರು ಒಂದು ಸೆಂ.ಮೀ. ಮಾತ್ರ ಬೆಳೆಯುತ್ತದೆ. ದಿಬ್ಬ ಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಎಂದರೆ ಹುಲಿಯಿರುವ ಪಟ್ಟಿಯಲ್ಲಿಯೇ, ಸೇರಿಸಲಾಗಿದೆ. ತುಂಡನ್ನು ಮುರಿದು ಮನೆಗೆ ತರುವುದು ಅಪರಾಧ. ಇಷ್ಟು ಚೆನ್ನಾಗಿ ಹೇಳಿದ ಸಂಸ್ಥೆಯವರೇ ಮರುದಿನ ಫೋಟೋಕ್ಕಾಗಿ ಮೀನುಗಳನ್ನು ಗುಂಪುಗೂಡಿಸಲು ಬಿಸ್ಕತ್ತು ಎರಚಿದ್ದು ನನಗೆ ಸರಿಕಾಣಲಿಲ್ಲ. ಬಂಡೆಯ ಪಾಚಿಯನ್ನು ಮೇಯ್ದು ಹವಳಕ್ಕೆ ಜಾಗ ಮಾಡಿಕೊಡಬೇಕಾದ ಮೀನುಗಳು ದೋಣಿಯ ಸದ್ದಿಗೆ ಓಡಿಬರುವಂತಾದರೆ ಆ ಕೆಲಸ ಯಾರು ಮಾಡಬೇಕು? ಕೇಳಿದಾಗ, ಜನ ಕೇಳುತ್ತಾರೆ ಅಕ್ಕಾ ಎಂದು ಆ ಯುವಕ ಸಂಕೋಚಪಟ್ಟುಕೊಂಡ. ಸನ್‌ಸ್ಕ್ರೀನ್ ಬಗ್ಗೆ ಅವರು ಏನನ್ನೂ ಹೇಳಲಿಲ್ಲ. ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ ರಾಜ್ಯ 2021ರಿಂದ ಹವಳದ ಹಿತಕ್ಕಾಗಿಯೇ ನಿಷೇಧಿಸಿದೆ. ತುಂಬುತೋಳಿನ ನೈಲಾನ್ ಅಂಗಿ ಹಾಕಿಕೊಂಡರೆ ಆ ಪ್ರಶ್ನೆಯೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಬೋರಲಾಗಿ ತೇಲುವವರ ಬೆನ್ನು ಮತ್ತು ಮಂಡಿಯ ಹಿಂಭಾಗ ಸುಡುವಷ್ಟು ಬೇರೆ ಯಾವ ಭಾಗವೂ ಸುಡುವುದಿಲ್ಲ. ಹೆಂಗಸರು ಹತ್ತಿಯ ಚೂಡಿದಾರ, ದುಪಟ್ಟಾ ಹಾಕಿಕೊಂಡು ನೀರಿಗಿಳಿಯುವುದು ಬೇಡ. ನೆನೆದ ಬಟ್ಟೆಯ ಭಾರ ಕಾಲಿಗೆ ಸುತ್ತಿಕೊಳ್ಳುತ್ತದೆ. ದಡದಲ್ಲಿ ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಸ್ನಾನದ ವ್ಯವಸ್ಥೆ ಎರಡೂ ಚೊಕ್ಕಟವಾಗಿದ್ದವು.

ಒಂದೇ ದೋಣಿಯಲ್ಲಿ ಸ್ಕೂಬಾದವರನ್ನೂ ಸ್ನಾರ್ಕೆಲಿಂಗಿನವರನ್ನೂ ಕರೆದೊಯ್ಯುವುದು ಇನ್ನೊಂದು ತೊಡಕು. ಹೆಚ್ಚು ಹಣ ಕೊಟ್ಟ ಸ್ಕೂಬಾದವರ ಸರದಿಗೇ ಸಿಬ್ಬಂದಿಯ ಗಮನವೆಲ್ಲ. ಸ್ನಾರ್ಕೆಲಿಂಗಿನ ನಮಗೆ ನೀರಿನಲ್ಲಿ ಸಿಕ್ಕಿದ್ದು ಅರ್ಧ ಗಂಟೆಗಿಂತ ಕಡಿಮೆ, ಬಿಸಿಲಿನಲ್ಲಿ ಕುಳಿತು ಕಾದದ್ದು ಅದಕ್ಕಿಂತ ಬಹಳ ಹೆಚ್ಚು. ನೀರಿನಲ್ಲಿ ಎಷ್ಟು ಹೊತ್ತು ಎಂಬುದನ್ನು ಹಣ ಕಟ್ಟುವಾಗಲೇ ಖಚಿತವಾಗಿ ಕೇಳಬೇಕು. 'ಟ್ರಿಪ್ಪು ನಾಲ್ಕು ಗಂಟೆ' ಎಂಬ ಉತ್ತರ ಈ ಪ್ರಶ್ನೆಗೆ ಉತ್ತರವಲ್ಲ. ನೀರಿನೊಳಗೆ ತೆಗೆದ ವಿಡಿಯೊಗೆ ಪ್ರತ್ಯೇಕ ಹಣವೆಂಬುದನ್ನೂ ದಡಕ್ಕೆ ಮರಳಿದ ಮೇಲೆಯೇ ಹೇಳಿದರು.

ಈಜುಕೊಳದ ಅಭ್ಯಾಸವಿಲ್ಲದ ಸಂಸ್ಥೆಯಾದರೆ ಅದನ್ನು ಬೇರೆ ಕಡೆ ಮಾಡಿಕೊಂಡು ಹೋಗಬಹುದು. ಯಾವ ಊರಿನ ಈಜುಕೊಳವಾದರೂ ಸಾಕು. ಕಾರವಾರದ ಕಡೆಯವರು ದೇವಬಾಗದಲ್ಲಿಯೂ ಜಲಕ್ರೀಡೆಗಳ ವ್ಯವಸ್ಥೆಯನ್ನು ಕಾಣಬಹುದು, ಆದರೆ ಕಾಳಿ ಸಮುದ್ರ ಸೇರುವ ಜಾಗವಾದ್ದರಿಂದ ಅಲ್ಲಿ ಮೀನು ನೋಡುವ ಆಸೆ ಇಟ್ಟುಕೊಳ್ಳಬಾರದು. ಅಭ್ಯಾಸಕ್ಕೆಂದು ಮುರುಡೇಶ್ವರದ ಕಡಲತೀರದಲ್ಲಿಯೇ ತಾವಾಗಿ ಇಳಿಯುವುದು ಮಾತ್ರ ಸರ್ವಥಾ ಬೇಡ. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಇದೇ ತೀರದಲ್ಲಿ ನೀರುಪಾಲಾದರು. ಅಲೆ ಒಡೆಯುವ ದಂಡೆಯಲ್ಲಿ ಹಿಂದಕ್ಕೆ ಸೆಳೆಯುವ ನೀರಿಗೆ ಮಾಸ್ಕೂ ಸ್ನಾರ್ಕೆಲ್ಲೂ ಉತ್ತರವಲ್ಲ.

ಬೆಲೆಯ ಬಗ್ಗೆ ಹೇಳುವುದಾದರೆ, ತಲೆಗೆ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನಾವು ಕೊಟ್ಟದ್ದು ದೋಣಿಯ ದೂರವನ್ನೂ ಈಜುಕೊಳದ ಸಂಜೆಯನ್ನೂ ಸೇರಿಸಿ ನೋಡಿದರೆ ದುಬಾರಿಯಲ್ಲ. ಆ ಸಂಜೆಯನ್ನು ಬಿಟ್ಟವರಿಗೆ ದುಬಾರಿಯೇ. ಗಾಳಿ ಹೆಚ್ಚಾಗಿ ದೋಣಿ ಹೊರಡದಿದ್ದರೆ ಹಣ ಹಿಂತಿರುಗಿಸುತ್ತಾರೋ ಬೇರೆ ದಿನ ಮಾತ್ರ ಕೊಡುತ್ತಾರೋ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಬೇಕು. ಈ ಸಂಸ್ಥೆಯವರು ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದೆಂದು ರಸೀದಿಯಲ್ಲಿಯೇ ಮುದ್ರಿಸಿದ್ದಾರೆ. ಅಕ್ಕನ ಮಗಳು ಫೆಬ್ರುವರಿಯಲ್ಲಿ ಗೆಳತಿಯರೊಂದಿಗೆ ಅದೇ ದೋಣಿಗೆ ಹೆಸರು ಬರೆಸಿದ್ದಾಳೆ. ಗೆಳತಿಯರಿಗೆಲ್ಲ ಹಿಂದಿನ ಸಂಜೆ ಐದಕ್ಕೆ ಈಜುಕೊಳದ ಬಳಿ ಇರಬೇಕೆಂದು ಈಗಲೇ ತಾಕೀತು ಮಾಡಿದ್ದಾಳೆ.